ಪಂಕವಾಹಕ ಯಂತ್ರಗಳ ನಿತ್ಯಪಾಲನ

೧. ವಿಷಯಪ್ರವೇಶ

ಯಂತ್ರಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳ ಉತ್ಪತ್ತಿಯನ್ನು ಹೇಳಿರುವರೇ ಹೊರತು ಸ್ಥಿತಿಯನ್ನು ಹೇಳಿರುವುದು ವಿರಳ. ಯಾವ ಯಂತ್ರವನ್ನು ಯಾರು, ಯಾವ ಕಾಲದಲ್ಲಿ, ಯಾವ ದೇಶದಲ್ಲಿ ಕಲ್ಪಿಸಿದರೆಂಬುದು ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುತ್ತದೆ. ಹಾಗೆ ಕಲ್ಪಿತವಾದ ಯಂತ್ರವು ಹತ್ತಾರು ವರ್ಷಗಳ ಕಾಲ ಹಗಲಿರುಳು ನಡೆಯುವಂತೆ ಅದನ್ನು ಕಾಪಾಡಿಕೊಂಡು ಬಂದವರು ಪ್ರತಿದಿನವೂ ಏನನ್ನು ಮಾಡುತ್ತಿದ್ದರೆಂಬುದಕ್ಕೆ ಅದೇ ಗ್ರಂಥಗಳಲ್ಲಿ ಒಂದು ಪುಟವೂ ಮೀಸಲಾಗಿರುವುದಿಲ್ಲ. ಈ ನ್ಯೂನತೆಯು ವಿಶೇಷವಾಗಿ ಎದ್ದು ಕಾಣುವುದು, ಗಣಿಗಳಲ್ಲಿ ಅರೆದ ಅದಿರಿನ ಕೆಸರನ್ನು ಸಾಗಿಸುವ ಪಂಪುಗಳ ವಿಷಯದಲ್ಲಿ.

ಕಲ್ಲನ್ನು ನುಣ್ಣಗೆ ಅರೆದು ನೀರಿನಲ್ಲಿ ಕದಡಿದ ದ್ರವ್ಯವನ್ನು ಗಣಿಗಾರರು ಸ್ಲರಿ ಎಂದು ಕರೆಯುವರು. ಕನ್ನಡದಲ್ಲಿ ಇದನ್ನು ಬಗ್ಗಡವೆಂದರೆ ತಪ್ಪಾಗದು. ಅಮರಸಿಂಹನು ಕೆಸರಿಗೆ ಹೇಳಿರುವ ಪರ್ಯಾಯಪದಗಳಲ್ಲಿ ಪಂಕ, ಕರ್ದಮ, ಜಂಬಾಲ ಎಂಬವು ಕಾವ್ಯಗಳಲ್ಲಿ ಪ್ರಸಿದ್ಧವಾಗಿವೆ. ನಿಷದ್ವರವೆಂಬುದು ಅಷ್ಟು ಪ್ರಸಿದ್ಧವಲ್ಲ. ಆದರೆ ಪ್ರಕೃತಕ್ಕೆ ಬೇಕಾದುದು ಈ ಪದವೇ. ಇದು ‘ನಿ’ ಎಂಬ ಉಪಸರ್ಗವು ಸೇರಿದ ಸದ್ ಧಾತುವಿನಿಂದ ನಿಷ್ಪನ್ನವಾದುದು. ಧಾತುಪಾಠವು ಈ ಧಾತುವಿಗೆ ವಿಶರಣ, ಗತಿ, ಅವಸಾದನ ಎಂಬ ಮೂರು ಅರ್ಥಗಳನ್ನು ಕೊಡುತ್ತದೆಂಬುದೂ, ಉಪನಿಷತ್ತೆಂಬ ಶಬ್ದವನ್ನು ನಿರ್ವಚನ ಮಾಡುವಾಗ ಶಂಕರಭಗವತ್ಪಾದರು ಇವುಗಳನ್ನು ಉಪಯೋಗಿಸಿಕೊಂಡಿರುವರೆಂಬುದೂ ವಿದ್ವಾಂಸರಿಗೆ ವಿದಿತವೇ. ವಿಶರಣವೆಂದರೆ ಸವೆದು ಶಿಥಿಲವಾಗುವುದು, ಗತಿಯೆಂದರೆ ಚಲನ, ಅವಸಾದನವೆಂದರೆ ಕುಸಿದು ತಳವನ್ನು ಸೇರುವುದು. ಗಣಿಯ ಬಗ್ಗಡದ ಸ್ವಭಾವವೆಲ್ಲವೂ ಈ ಮೂರರಲ್ಲಿ ಅಡಗಿದೆ. ಅದನ್ನು ಹರಿಯಿಸಬೇಕು, ಹರಿವು ನಿಂತೊಡನೆ ಅದು ತಳಕ್ಕೆ ಕೂರುತ್ತದೆ, ಹರಿಯುತ್ತಿರುವಾಗಲೋ ತನ್ನನ್ನು ಹರಿಯಿಸುವ ಯಂತ್ರವನ್ನೇ ಸವೆಯಿಸುತ್ತದೆ. ವೈಯಾಕರಣರು ಗಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಅರ್ಥಗಳನ್ನು ಹೇಳಿದರೆಂದು ಯಾರೂ ವಾದಿಸಲಾರರು. ವಿಷಯವನ್ನು ವಿಭಾಗಿಸಿಕೊಳ್ಳುವುದಕ್ಕೆ ಇವು ಅನುಕೂಲವಾಗಿವೆಯೆಂಬುದಿಷ್ಟೇ ಇಲ್ಲಿಯ ಅಭಿಪ್ರಾಯ.

೨. ಪೂರ್ವಪಕ್ಷ

ಪಾಲನಕ್ಕೆ ಚರಿತ್ರೆಯೆಂಬುದು ಉಂಟೆ? ಇಲ್ಲವೆಂಬುದೇ ಪೂರ್ವಪಕ್ಷ. ಚರಿತ್ರೆಯು ಘಟನೆಗಳನ್ನು ಅವಲಂಬಿಸಿದುದು. ಎಣ್ಣೆ ಹಾಕುವುದು, ಬಿಗಿಯುವುದು, ತೊಳೆಯುವುದು, ಸವೆದುದನ್ನು ತೆಗೆದು ಹೊಸದನ್ನು ಇಡುವುದು, ಇವು ನಿನ್ನೆ ಹೇಗೋ ಇಂದೂ ಹಾಗೆಯೇ ನಡೆಯುವ ಕೆಲಸಗಳು. ಸರಿಯಾಗಿ ನಡೆದರೆ ಅವುಗಳಿಂದ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿರುವುದನ್ನು ಚರಿತ್ರಕಾರನು ಹೇಗೆ ಬರೆಯಬೇಕು? ಎಂದು ಆಕ್ಷೇಪ.

ಈ ಆಕ್ಷೇಪಕ್ಕೆ ಮೀಮಾಂಸಕರ ವಿಭಾಗವೊಂದು ಉತ್ತರವನ್ನು ಒದಗಿಸುತ್ತದೆ. ಅವರು ಕರ್ಮವನ್ನು ನಿತ್ಯವೆಂದೂ ನೈಮಿತ್ತಿಕವೆಂದೂ ಕಾಮ್ಯವೆಂದೂ ವಿಂಗಡಿಸಿದರು. ನಿತ್ಯಕರ್ಮವನ್ನು ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು ಎಂಬುದು ಲೋಕದಲ್ಲಿ ರೂಢಿಯಾಗಿರುವ ಮಾತು. ಯಂತ್ರಪಾಲನವು ಅಕ್ಷರಶಃ ಈ ಜಾತಿಯದು. ಅದರ ಫಲವು ಅಭಾವರೂಪವಾದುದರಿಂದ ಕಣ್ಣಿಗೆ ಕಾಣದು. ಆದರೆ ಅದನ್ನು ಬಿಟ್ಟಾಗ ಒದಗುವ ಹಾನಿಯು ಎಲ್ಲರಿಗೂ ಕಾಣುವುದು. ಇದಲ್ಲದೆ, ನಿತ್ಯಕರ್ಮವು ಎಂದಿಗೂ ಒಂದೇ ಬಗೆಯಾಗಿರುವುದೆಂಬುದೂ ಸರಿಯಲ್ಲ. ಪಂಕವಾಹಕ ಯಂತ್ರಗಳನ್ನು ಪರಿಶೀಲಿಸಿದರೆ, ಅವುಗಳ ಪಾಲನಕ್ರಮವು ಕಾಲಕಾಲಕ್ಕೆ ಮಾರ್ಪಟ್ಟಿತೆಂಬುದೂ, ಯಂತ್ರದ ರೂಪವೇ ಪಾಲನದ ಸೌಕರ್ಯಕ್ಕನುಗುಣವಾಗಿ ಬದಲಾಯಿತೆಂಬುದೂ ವ್ಯಕ್ತವಾಗುತ್ತದೆ. ಇದೇ ಸಿದ್ಧಾಂತ.

೩. ತೊಗಲು, ಚಕ್ರ, ಪಂಪು

ಜರ್ಮನ್ ದೇಶದ ವೈದ್ಯನೂ ಪಂಡಿತನೂ ಆದ ಗೆಯಾರ್ಗಿಯಸ್ ಅಗ್ರಿಕೋಲನು ಗಣಿವಿದ್ಯೆಯ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಡಿ ರೆ ಮೆಟಾಲಿಕ’ ಎಂಬ ಮಹಾಗ್ರಂಥವು, ಅವನು ತೀರಿಕೊಂಡ ಮರುವರ್ಷ, ಎಂದರೆ ೧೫೫೬ರಲ್ಲಿ, ಪ್ರಕಟವಾಯಿತು. ಅದರ ಆರನೆಯ ಅಧ್ಯಾಯದಲ್ಲಿ ಗಣಿಯ ನೀರನ್ನು ಮೇಲೆತ್ತುವ ನಾನಾವಿಧ ಯಂತ್ರಗಳು ಚಿತ್ರಸಹಿತವಾಗಿ ವರ್ಣಿತವಾಗಿವೆ. ಮರದ ಕೊಳವೆಗಳು, ತೊಗಲಿನ ಕವಾಟಗಳು, ಸರಪಣಿಗೆ ಪೋಣಿಸಿದ ಚೆಂಡುಗಳು, ಇವುಗಳೇ ಆ ಯಂತ್ರಗಳ ಅಂಗಗಳು. ಅವುಗಳಲ್ಲಿ ಮೊದಲು ಸವೆಯುತ್ತಿದ್ದುದು ತೊಗಲು. ಗಣಿಯ ನೀರು ಶುದ್ಧಜಲವಲ್ಲ. ಅದರಲ್ಲಿ ಕಲ್ಲಿನ ಪುಡಿಯೂ ಆಮ್ಲಾಂಶವೂ ಬೆರೆತಿರುವುದುಂಟು. ಕನ್ನಡನಾಡಿನ ರೈತನು ಕಪಿಲೆಯ ತೊಗಲಚೀಲವನ್ನು ಎಣ್ಣೆ ಸವರಿ ಮೆದುವಾಗಿಟ್ಟು, ಹರಿದೆಡೆಯಲ್ಲಿ ಹೊಲಿದು ಕಾಪಾಡಿಕೊಳ್ಳುತ್ತಿದ್ದಂತೆಯೇ ಆ ಗಣಿಗಾರನೂ ತನ್ನ ಪಂಪಿನ ತೊಗಲನ್ನು ಕಾಪಾಡಿಕೊಳ್ಳಬೇಕಾಗಿತ್ತು.

ಇಂಗ್ಲೆಂಡಿನಲ್ಲಿ ನ್ಯೂಕೊಮೆನ್ ಎಂಬುವನ ಉಗಿಯಂತ್ರವು ೧೭೧೨ರಲ್ಲಿ ಗಣಿಯ ನೀರನ್ನೆತ್ತತೊಡಗಿದ ಮೇಲೆ ಯಂತ್ರದ ಬಲವು ಹೆಚ್ಚಿತು. ಪಾಲನದ ಭಾರವೂ ಹೆಚ್ಚಿತು. ಕಾರ್ನ್‌ವಾಲ್ ಪ್ರಾಂತದಲ್ಲಿ ೧೮೧೧ರಲ್ಲಿ ಜೋಯಲ್ ಲೀನ್ ಎಂಬುವನು ಅಲ್ಲಿಯ ಗಣಿಗಳ ಯಂತ್ರಗಳು ಒಂದು ಪ್ರಮಾಣದ ಕಲ್ಲಿದ್ದಲಿಗೆ ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಎತ್ತಿದುವೆಂಬುದನ್ನು ಲೆಕ್ಕಹಾಕಿ ತಿಂಗಳಿಗೊಮ್ಮೆ ಪ್ರಕಟಿಸಲಾರಂಭಿಸಿದನು. ಯಾವ ಗಣಿಯ ಯಂತ್ರವು ಹಿಂದೆಬಿದ್ದಿದೆಯೆಂಬುದು ಅಂದಿನಿಂದ ಎಲ್ಲರಿಗೂ ತಿಳಿಯುವಂತಾಯಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಆ ಪ್ರಾಂತದ ಯಂತ್ರಗಳ ಸಾಮರ್ಥ್ಯವು ಬಹಳವಾಗಿ ಏರಿದುದಕ್ಕೆ ಹೊಸ ಕಲ್ಪನೆಗಳು ಕಾರಣವೆಂಬುದು ನಿಜ. ಆದರೆ ಪರಸ್ಪರ ಹೋಲಿಕೆಯಿಂದ ಹುಟ್ಟಿದ ಎಚ್ಚರವೂ ಒಂದು ಕಾರಣವೆಂಬುದನ್ನು ಮರೆಯಲಾಗದು. ಪಾಲನಕ್ಕೆ ಚರಿತ್ರೆಯಿಲ್ಲವೆಂಬವರಿಗೆ ಈ ಮಾಸಿಕ ಲೆಕ್ಕಪತ್ರಗಳೇ ಪ್ರತ್ಯುತ್ತರ.

ಇದುವರೆಗೆ ಹೇಳಿದುದು ನೀರಿನ ವಿಷಯ. ಕೆಸರನ್ನೇ ಉದ್ದೇಶಪೂರ್ವಕವಾಗಿ ಸಾಗಿಸಬೇಕಾದ ಪ್ರಸಂಗವು ಪ್ರಬಲವಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೮೭ರಲ್ಲಿ ಸಯನೈಡಿನಿಂದ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನವು ಕಂಡುಹಿಡಿಯಲ್ಪಟ್ಟ ಬಳಿಕ ಅದಿರನ್ನು ಹಿಂದಿಗಿಂತಲೂ ನುಣ್ಣಗೆ ಅರೆಯುವುದು ಲಾಭಕರವಾಯಿತು. ಅರೆದಷ್ಟೂ ಬಗ್ಗಡವು ಹೆಚ್ಚಿತು. ಚಿನ್ನವನ್ನು ತೆಗೆದ ಮೇಲೆ ಉಳಿದ ಕಸುರನ್ನು ದೂರದಲ್ಲಿ ಒಟ್ಟಬೇಕಾಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜಾಕ್ಸನ್ ಎಂಬ ಊರಿನ ಬಳಿಯ ಕೆನೆಡಿ ಗಣಿಯವರು ಇದಕ್ಕಾಗಿ ೧೯೧೪ರಲ್ಲಿ ನಾಲ್ಕು ಮಹಾಚಕ್ರಗಳನ್ನು ಕಟ್ಟಿಸಿದರು. ಚಕ್ರದ ಅಂಚಿನಲ್ಲಿ ಸಾಲಾಗಿ ಜೋಡಿಸಿದ ತೊಟ್ಟಿಗಳು ಕೆಳಗೆ ಕೆಸರನ್ನು ತುಂಬಿಕೊಂಡು ಮೇಲೆ ಸುರಿಯುತ್ತಿದ್ದುವು. ಒಂದು ಚಕ್ರವು ಎತ್ತಿದುದನ್ನು ಮುಂದಿನದು ಇನ್ನೂ ಮೇಲಕ್ಕೆ ಎತ್ತುತ್ತಿತ್ತು. ನಮ್ಮ ಪೂರ್ವಗ್ರಂಥಗಳಲ್ಲಿ ಅರಘಟ್ಟವೆಂದೂ ಘಟೀಯಂತ್ರವೆಂದೂ ಹೇಳಲ್ಪಟ್ಟಿರುವ ಯಂತ್ರಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ೧೯೪೨ರವರೆಗೂ ಇವು ನಡೆದುವು. ಪಂಪು ಬಳಕೆಗೆ ಬಂದಿದ್ದ ಕಾಲದಲ್ಲಿಯೂ ಚಕ್ರವನ್ನು ಆಶ್ರಯಿಸಿದುದೇತಕ್ಕೆ? ಚಕ್ರವು ಮಂದಗಾಮಿ, ಅದರಲ್ಲಿ ಕೆಸರು ಉಜ್ಜಿಕೊಂಡು ಹೋಗುವ ಇಕ್ಕಟ್ಟಾದ ಸಂದುಗಳಿಲ್ಲ. ವೇಗವು ಹೆಚ್ಚಿದಂತೆ ಸವೆತವು ಅದಕ್ಕಿಂತ ಬಹುಪಾಲು ಹೆಚ್ಚುತ್ತದೆಂಬುದು ಬಗ್ಗಡದ ಧರ್ಮ. ಪಂಪಾದರೋ ವೇಗದಿಂದಲೇ ಕೆಲಸಮಾಡತಕ್ಕುದು.

ವರ್ತುಲಗತಿಯಿಂದ ದ್ರವವನ್ನು ಹೊರಕ್ಕೆ ಚಿಮ್ಮಿಸುವ ಪಂಪನ್ನು ೧೬೮೯ರಲ್ಲಿ ಪಾಪಿನ್ ಎಂಬ ಫ್ರೆಂಚ್ ಪಂಡಿತನು ವರ್ಣಿಸಿದ್ದನು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಆಪೋಲ್ಡ್ ಎಂಬುವನು ಬಾಗಿದ ರೆಕ್ಕೆಗಳ ಪಂಪನ್ನು ತೋರಿಸಿ ಅದರ ಶ್ರೇಷ್ಠತೆಯನ್ನು ಸ್ಥಾಪಿಸಿದನು. ಇವೆರಡೂ ಶುದ್ಧಜಲಕ್ಕೆ ಯೋಗ್ಯವಾದುವು. ಬೆಣಚುಕಲ್ಲಿನ ಪುಡಿಯು ಸಾಧಾರಣ ಕಬ್ಬಿಣಕ್ಕಿಂತಲೂ ಕಠಿನವಾದುದು. ಅಂತಹ ಪುಡಿಯು ಬೆರೆತ ಬಗ್ಗಡವನ್ನು ಈ ಪಂಪುಗಳಲ್ಲಿ ಹಾಯಿಸಿದರೆ ರೆಕ್ಕೆಯೂ ಕವಚವೂ ಅಲ್ಪಕಾಲದಲ್ಲಿಯೇ ತೂತಾಗುತ್ತಿದ್ದುವು.

೪. ಸವೆಯತಕ್ಕುದೂ ಉಳಿಯತಕ್ಕುದೂ

ಇಲ್ಲಿಂದ ಮುಂದೆ ಯಂತ್ರಕಾರರಿಗೆ ಎರಡು ದಾರಿಗಳಿದ್ದುವು. ಸವೆಯದಂತಹ ಲೋಹವನ್ನು ಹುಡುಕುವುದು ಒಂದು. ಸವೆತವನ್ನು ಅಂಗೀಕರಿಸಿ, ಸವೆಯತಕ್ಕ ಭಾಗವನ್ನು ಉಳಿಯತಕ್ಕ ಭಾಗದಿಂದ ಬೇರ್ಪಡಿಸುವುದು ಇನ್ನೊಂದು. ಕಠಿನವಾದ ಮಿಶ್ರಲೋಹಗಳು ದೊರೆತುವಾದರೂ ಸವೆಯದ ಲೋಹವು ಯಾರಿಗೂ ದೊರೆಯಲಿಲ್ಲ. ಎರಡನೆಯ ದಾರಿಯೇ ಫಲಕಾರಿಯಾಯಿತು. ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿಯೆಂಬ ಚಿನ್ನದ ಗಣಿಯ ಪಟ್ಟಣದಲ್ಲಿ ೧೯೩೮ರ ಸುಮಾರಿಗೆ ಚಾರ್ಲ್ಸ್ ವಾರ್ಮನ್ ಎಂಬುವನು ನಿರ್ಮಿಸಿದ ಪಂಪು ಈ ದಾರಿಯದು. ಹೊರಗಿನ ಎರಕದ ಕವಚವು ಭಾರವನ್ನು ತಾಳುತ್ತದೆ. ಅದರೊಳಗೆ ಬಗ್ಗಡವನ್ನು ಮುಟ್ಟುವ ಒಳಪದರು ಮಾತ್ರ ಬೇರೆ. ಲೈನರ್ ಎಂದು ಕರೆಯಲ್ಪಡುವ ಈ ಪದರನ್ನು ರಬ್ಬರಿನಿಂದಲೋ ಗಟ್ಟಿಯಾದ ಮಿಶ್ರಲೋಹದಿಂದಲೋ ಮಾಡಿ, ಸವೆದಾಗ ಕಳಚಿ ಹೊಸದನ್ನು ತೊಡಿಸುವರು. ರಬ್ಬರು ಕಲ್ಲಿಗಿಂತ ಮೃದುವಾಗಿದ್ದರೂ ನುಣ್ಣನೆಯ ಕಣಗಳ ಪೆಟ್ಟನ್ನು ಕುಗ್ಗಿ ತಾಳಿ ಹಿಂದಿರುಗಿಸುತ್ತದೆ. ದೊಡ್ಡದಾದ ಚೂಪುಗಲ್ಲಿಗೆ ಮಾತ್ರ ಅದು ಹರಿದುಹೋಗುವುದರಿಂದ ಅಲ್ಲಿ ಲೋಹವೇ ಬೇಕು.

ಈ ಕಲ್ಪನೆಯ ಮಹತ್ತ್ವವೇನೆಂದರೆ, ಪಾಲನವು ಇಲ್ಲಿ ಯಂತ್ರಕ್ಕೆ ಆಗಂತುಕವಾಗಿ ಬಂದುದಲ್ಲ. ಪಾಲಕನ ಕೈಯನ್ನು ನಿರೀಕ್ಷಿಸಿಯೇ ಯಂತ್ರವು ರೂಪುಗೊಂಡಿತು. ಇಂತಹ ನಿರೀಕ್ಷೆಯು ನಮ್ಮವರಿಗೆ ಹೊಸತಲ್ಲ. ಕರ್ಣಾಟಕದ ಶಾಸನಗಳಲ್ಲಿ ದೇವಾಲಯಕ್ಕೆ ದತ್ತಿ ಬಿಡುವಾಗ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಹೇಳುವುದು ಪರಿಪಾಠ; ಕಟ್ಟಡವು ಒಡೆಯುವುದು, ಬಿರಿಯುವುದು ನಿಶ್ಚಯವೆಂದು ತಿಳಿದೇ ಕಟ್ಟಿಸಿದವರು ಅದಕ್ಕೆ ಭೂಮಿಯನ್ನು ಬಿಡುತ್ತಿದ್ದರು. ಕೆರೆಗಳಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ದತ್ತಿಗಳಿದ್ದುವು. ಹೂಳನ್ನು ಹೊರುವ ಬಂಡಿಗಳಿಗೂ ದತ್ತಿ ಬಿಟ್ಟುದುಂಟು. ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ೧೩೬೯ರಲ್ಲಿ ಹಾಕಿಸಿದ ಪೋರುಮಾಮಿಳ್ಳದ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದಕ್ಕೆ ಒದಗುವ ಆರು ದೋಷಗಳನ್ನೂ ಎಣಿಸುತ್ತದೆ. ಕೆರೆಯ ಹೂಳೂ ಪಂಪಿನ ಬಗ್ಗಡವೂ ಪ್ರಮಾಣದಲ್ಲಿ ಬೇರೆಯಾದರೂ ಅವು ಮನುಷ್ಯನಿಗೆ ಕಲಿಸಿದ ಪಾಠವು ಒಂದೇ.

೫. ನಿತ್ಯವೂ ನೈಮಿತ್ತಿಕವೂ

ಧಾರಾನಗರದ ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಹನ್ನೊಂದನೆಯ ಶತಮಾನದ ‘ಸಮರಾಂಗಣಸೂತ್ರಧಾರ’ವು ಮೂವತ್ತೊಂದನೆಯ ಅಧ್ಯಾಯವನ್ನು ಯಂತ್ರಗಳಿಗೆ ಮೀಸಲಾಗಿಟ್ಟಿದೆ. ಈ ಗ್ರಂಥವನ್ನು ಟಿ. ಗಣಪತಿಶಾಸ್ತ್ರಿಗಳು ಸಂಪಾದಿಸಿದರು; ಇದರ ಯಂತ್ರಭಾಗವನ್ನು ವಿ. ರಾಘವನ್ನರು ವಿಮರ್ಶಿಸಿ ಬರೆದ ಪ್ರಬಂಧವು ೧೯೫೨ರಲ್ಲಿ ಬೆಂಗಳೂರಿನಿಂದಲೇ ಹೊರಬಂದಿತು. ಅಲ್ಲಿ ಎಣಿಸಿರುವ ಯಂತ್ರಗುಣಗಳಲ್ಲಿ ಶಬ್ದಹೀನತೆ, ಅಸ್ಖಲಿತಗತಿ, ಚಿರಕಾಲ ಬಾಳುವಿಕೆ ಮುಂತಾದುವುಗಳ ಜೊತೆಗೆ ಅಶೈಥಿಲ್ಯ, ಅಗಾಢತೆ ಎಂಬ ಎರಡು ಗುಣಗಳಿವೆ. ಸಡಿಲವಾಗಿರಬಾರದು, ಬಿಗಿಯಾಗಿಯೂ ಇರಬಾರದು ಎಂಬುದು ತಾತ್ಪರ್ಯ. ಭೋಜನು ಹೇಳಿದುದು ನಿರ್ಮಾಣದ ಗುಣವನ್ನು. ಆದರೆ ಬಗ್ಗಡದ ಪಂಪಿನಲ್ಲಿ ಇದು ಪ್ರತಿದಿನವೂ ಹೊಸದಾಗಿ ಸಂಪಾದಿಸಬೇಕಾದ ಗುಣವಾಗಿದೆ.

ಪಂಪಿನ ಅಚ್ಚು ಕವಚವನ್ನು ಪ್ರವೇಶಿಸುವ ಸಂದಿನಲ್ಲಿ ಬಗ್ಗಡವು ಹೊರಕ್ಕೆ ನುಗ್ಗದಂತೆ ಹೆಣೆದ ಹಗ್ಗದ ಸುತ್ತುಗಳನ್ನಿಟ್ಟು ಒತ್ತಿ ಬಿಗಿಯುವರು. ಗಣಿಯವರ ಮಾತಿನಲ್ಲಿ ಈ ಸ್ಥಾನವು ಗ್ಲಾಂಡು, ಹಗ್ಗವು ಪ್ಯಾಕಿಂಗು. ಅದರೊಳಕ್ಕೆ, ಪಂಪಿನೊಳಗಿನ ಒತ್ತಡಕ್ಕಿಂತ ತುಸು ಹೆಚ್ಚಿನ ಒತ್ತಡದಲ್ಲಿ, ತಿಳಿನೀರನ್ನು ಹಾಯಿಸುವರು. ಹೀಗೆ ನೀರು ಒಳಮುಖವಾಗಿ ಹರಿಯುವುದರಿಂದ ಕಲ್ಲಿನ ಪುಡಿಯು ಸಂದಿಗೆ ಬರಲಾರದು. ಹಗ್ಗವನ್ನು ಸಡಿಲ ಬಿಟ್ಟರೆ ನೀರು ವ್ಯರ್ಥವಾಗಿ ಸೋರಿ ಒತ್ತಡವು ಕುಗ್ಗುತ್ತದೆ. ಸೋರಿಕೆಯೇ ಇರಬಾರದೆಂದು ಬಲವಾಗಿ ಬಿಗಿದರೆ ಹಗ್ಗವು ಒಣಗಿ ಕರಿಕಾಗಿ, ಅಚ್ಚಿನ ಮೇಲೆ ತೊಡಿಸಿರುವ ಉಕ್ಕಿನ ಕೊಳವೆಯನ್ನು ತಿಂದುಹಾಕುತ್ತದೆ. ತೊಟ್ಟುತೊಟ್ಟಾಗಿ ನೀರು ಜಿನುಗುತ್ತಿರಬೇಕು. ಅನನುಭವಿಯು ಈ ಜಿನುಗನ್ನು ದೋಷವೆಂದು ಬಗೆದು ಬಿಗಿಯುವನು; ಅನುಭವಿಯು ಅದನ್ನು ಆರೋಗ್ಯಲಕ್ಷಣವೆಂದು ತಿಳಿದು ಬಿಡುವನು. ಅಶೈಥಿಲ್ಯಾಗಾಢತೆಗಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಸಿಕ್ಕುವುದು ಕಷ್ಟ.

ಉಳಿದ ನಿತ್ಯಕರ್ಮಗಳೂ ಈ ಬಗೆಯವೇ. ಬೇರಿಂಗಿಗೆ ಗ್ರೀಸು ಸಾಲದಿದ್ದರೆ ಕಾಯುತ್ತದೆ, ಅತಿಯಾದರೂ ಕಾಯುತ್ತದೆ. ಪಂಪನ್ನು ನಡೆಯಿಸುವ ಮುನ್ನ ಗ್ಲಾಂಡಿಗೆ ನೀರು ಬಿಡಬೇಕು. ನಿಲ್ಲಿಸುವ ಮುನ್ನ ತಿಳಿನೀರನ್ನು ಹಾಯಿಸಿ ಒಳಗಿನ ಬಗ್ಗಡವನ್ನು ತೊಳೆಯಬೇಕು. ಇಲ್ಲವಾದರೆ ಅವಸಾದನಧರ್ಮದಿಂದ ಕಣಗಳು ತಳದಲ್ಲಿ ಕುಳಿತು ಗಟ್ಟಿಯಾಗಿ, ಮರಳಿ ನಡೆಯಿಸುವುದು ದುಸ್ಸಾಧ್ಯವಾಗುತ್ತದೆ. ಕೆಲಸವಿಲ್ಲದೆ ನಿಂತಿರುವ ಪಂಪಿಗೂ ಶುಶ್ರೂಷೆಯುಂಟು: ವಾರಕ್ಕೊಮ್ಮೆ ಅದರ ಅಚ್ಚನ್ನು ಕೈಯಿಂದ ಕಾಲುಸುತ್ತು ತಿರುಗಿಸಿಡಬೇಕು, ಹಾಗೆ ಮಾಡದಿದ್ದರೆ ಬೇರಿಂಗಿನ ಒಂದೇ ಭಾಗದ ಮೇಲೆ ಭಾರವು ನಿಂತು, ಪಕ್ಕದ ಯಂತ್ರಗಳ ನಡುಕದಿಂದ ಅಲ್ಲಿ ಕುಳಿ ಬೀಳುವುದು.

ನೈಮಿತ್ತಿಕಗಳಲ್ಲಿ ಮುಖ್ಯವಾದುದು ಸಂದಿನ ಹೊಂದಾಣಿಕೆ. ರೆಕ್ಕೆಯ ಚಕ್ರಕ್ಕೂ ಮುಂದಿನ ಒಳಪದರಿಗೂ ನಡುವಿನ ತೆರಪು ಸವೆತದಿಂದ ಅಗಲವಾಗುತ್ತ ಹೋದಂತೆ, ಹೊರಕ್ಕೆ ಹೋಗಬೇಕಾದ ಬಗ್ಗಡವು ಆ ತೆರಪಿನಲ್ಲಿ ಹಿಂದಕ್ಕೆ ಸುತ್ತಿಬಂದು ಸವೆತವನ್ನು ಇಮ್ಮಡಿಗೊಳಿಸುತ್ತದೆ. ಸವೆತವೇ ಸವೆತಕ್ಕೆ ಕಾರಣವಾಗುವ ಈ ಅನರ್ಥಪರಂಪರೆಯನ್ನು ತಡೆಯಲು, ಆಗಾಗ್ಗೆ ಅಚ್ಚನ್ನು ಬೇರಿಂಗಿನ ಗೂಡುಸಹಿತ ಮುಂದಕ್ಕೆ ಸರಿಸಿ ತೆರಪನ್ನು ಕಿರಿದುಮಾಡುವರು. ಒಳಪದರನ್ನು ಬದಲಾಯಿಸಿದ ಮೇಲೆ ಮೋಟರು ಯಾವ ದಿಕ್ಕಿಗೆ ಸುತ್ತುವುದೆಂಬುದನ್ನು, ಪಟ್ಟಿಯನ್ನು ತೊಡಿಸುವ ಮೊದಲೇ ನೋಡಿಕೊಳ್ಳಬೇಕು. ರೆಕ್ಕೆಯ ಚಕ್ರವು ತಿರುಪಿನಿಂದ ಅಚ್ಚಿಗೆ ಹೊಂದಿರುವುದರಿಂದ, ವಿರುದ್ಧದಿಕ್ಕಿನಲ್ಲಿ ಸುತ್ತಿದರೆ ಅದು ಬಿಚ್ಚಿಕೊಂಡು ಒಳಪದರಿಗೆ ಬಡಿದು ಹೊಸದಾಗಿ ಇಟ್ಟುದೆಲ್ಲವನ್ನೂ ಕ್ಷಣದಲ್ಲಿ ಒಡೆಯಬಹುದು.

೬. ಕೋಲಾರವೂ ಕುದುರೆಮುಖವೂ

ಕರ್ಣಾಟಕದಲ್ಲಿ ಈ ವಿಷಯಕ್ಕೆ ಸಾಕ್ಷಿಯಾಗಿರುವ ಎರಡು ಸ್ಥಳಗಳನ್ನು ಹೇಳಬೇಕು. ಕೋಲಾರದ ಚಿನ್ನದ ಗಣಿಗಳನ್ನು ೧೮೮೦ರಿಂದ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ನಡೆಯಿಸಿತು. ಕಾರ್ನ್‌ವಾಲಿನ ಗಣಿಗಾರರ ಅನುಭವವು ಆ ಮೂಲಕ ಇಲ್ಲಿಗೆ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ತಲುಪಿತು. ಗಣಿಯು ೩ ಕಿಲೋಮೀಟರಿಗಿಂತಲೂ ಹೆಚ್ಚು ಆಳಕ್ಕೆ ಇಳಿಯಿತು. ಅರೆದ ಬೆಣಚಿನ ಕೆಸರು ಚಿನ್ನವನ್ನು ಕೊಟ್ಟು, ಸಯನೈಡು ದಿಬ್ಬಗಳಾಗಿ ಊರಿನ ಸುತ್ತಲೂ ಬೆಳೆಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಲ್ಪಟ್ಟುವು.

ಕುದುರೆಮುಖದಲ್ಲಿ ೧೯೭೬ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಸಂಸ್ಥೆಯು ಕೀಳುದರ್ಜೆಯ ಅದಿರನ್ನು ಅರೆದು, ಸಾರವನ್ನು ಬೇರ್ಪಡಿಸಿ, ಅದರ ಬಗ್ಗಡವನ್ನು ಪಶ್ಚಿಮಘಟ್ಟದಿಂದ ಮಂಗಳೂರಿನ ಬಂದರಿಗೆ ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಸಾಗಿಸುತ್ತಿದ್ದಿತು. ಇಂತಹ ದೀರ್ಘವಾದ ಕೊಳವೆಯಲ್ಲಿ ಅಶೈಥಿಲ್ಯಾಗಾಢತೆಗಳ ನ್ಯಾಯವು ವೇಗಕ್ಕೂ ಅನ್ವಯಿಸುತ್ತದೆ: ವೇಗವು ತಗ್ಗಿದರೆ ಅವಸಾದನ, ಮಿತಿಮೀರಿದರೆ ವಿಶರಣ, ನಡುವಣ ಗತಿಯೊಂದೇ ಕ್ಷೇಮ. ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ಉಳಿದ ಕಸುರು ಶೇಖರವಾಯಿತು. ಕಾಡಿಗೂ ಭದ್ರಾನದಿಗೂ ಹಾನಿಯಾಗುವುದೆಂಬ ವಿವಾದವು ನ್ಯಾಯಾಲಯವನ್ನು ಸೇರಿ, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಕೊನೆಗೆ ಅಲ್ಲಿಯ ಗಣಿಗಾರಿಕೆಯು ನಿಂತಿತು. ಯಂತ್ರಪಾಲನವು ಎಷ್ಟೇ ನಿರ್ದುಷ್ಟವಾಗಿದ್ದರೂ ಯಂತ್ರವು ಮಾಡುವ ಕಾರ್ಯವು ಯುಕ್ತವೇ ಎಂಬ ಪ್ರಶ್ನೆಗೆ ಅದು ಉತ್ತರವಾಗಲಾರದೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

೭. ಉಪಸಂಹಾರ

ಪೂರ್ವಪಕ್ಷಿಯು ಕೇಳಿದ ಪ್ರಶ್ನೆಗೆ ಕೋಲಾರವು ಕೊನೆಯ ಉತ್ತರವನ್ನು ಕೊಡುತ್ತದೆ. ಅಲ್ಲಿಯ ಗಣಿಯಲ್ಲಿ ನೀರಿಲ್ಲದಿರುವುದೆಂಬುದು ನೂರಿಪ್ಪತ್ತು ವರ್ಷಗಳ ಕಾಲ ಯಾರೂ ಬರೆದಿಡಬೇಕಾದ ಘಟನೆಯಾಗಿರಲಿಲ್ಲ. ೨೦೦೧ರ ಅನಂತರ ನೀರೆತ್ತುವುದು ನಿಂತಿತು. ಸುರಂಗಗಳಲ್ಲಿ ನೀರು ತುಂಬಿತು. ಏನೂ ಸಂಭವಿಸದಂತೆ ಪ್ರತಿದಿನವೂ ಯಾರೋ ನೋಡಿಕೊಳ್ಳುತ್ತಿದ್ದರೆಂಬುದು ಆಗ ಗೋಚರವಾಯಿತು. ಕೆರೆಯ ಹೂಳೆತ್ತಿದವರಿಗಾಗಿ ಶಾಸನದಲ್ಲಿ ಒಂದು ಪಂಕ್ತಿಯಾದರೂ ಇದೆ. ಪಂಪಿನ ಹಗ್ಗವನ್ನು ಹದವಾಗಿ ಬಿಗಿದವರಿಗೆ ಅದೂ ಇಲ್ಲ.

ಸಾಹಿತ್ಯವನ್ನು ಬೋಧಿಸುವವರು ಇದರಲ್ಲಿ ಮಾಡತಕ್ಕುದೊಂದುಂಟು. ಕೋಲಾರದ ಗಣಿಗಳಲ್ಲಿ ತಮಿಳು, ತೆಲುಗು, ಕನ್ನಡ, ಇಂಗ್ಲಿಷುಗಳು ಕಲೆತು ಬಳಕೆಯಾದುವು. ಕುದುರೆಮುಖದಲ್ಲಿಯೂ ಹಟ್ಟಿಯಲ್ಲಿಯೂ ಕನ್ನಡಿಗ ಕೆಲಸಗಾರರು ಸವೆತದ ಬಗೆಗಳಿಗೆ, ಜಿನುಗಿನ ಹದಕ್ಕೆ, ಬೇರಿಂಗಿನ ಸದ್ದಿಗೆ ತಮ್ಮವೇ ಆದ ಮಾತುಗಳನ್ನಾಡಿರಬೇಕು. ಅಂತಹ ಮಾತುಗಳನ್ನು ಆಡಿದವರು ವೃದ್ಧರಾಗುತ್ತಿದ್ದಾರೆ. ಹಟ್ಟಿಯ ಚಿನ್ನದ ಗಣಿಯು ಇಂದಿಗೂ ನಡೆಯುತ್ತಿದೆ. ಸಂಗ್ರಹವನ್ನು ಅಲ್ಲಿಂದಲೇ ಆರಂಭಿಸಬಹುದು. ಅಮರಸಿಂಹನು ಕೆಸರಿನ ಹೆಸರುಗಳನ್ನು ಸಂಗ್ರಹಿಸಿಟ್ಟುದರಿಂದ ನಿಷದ್ವರವೆಂಬ ಪದವು ಉಳಿಯಿತು. ಕೆಸರನ್ನು ಸಾಗಿಸಿದವರ ಪದಗಳನ್ನು ಸಂಗ್ರಹಿಸುವುದೂ ಕೋಶಕಾರನ ನಿತ್ಯಕರ್ಮಗಳಲ್ಲಿ ಸೇರತಕ್ಕುದು. ಮಾಡಿದರೆ ಯಾರೂ ಹೊಗಳದಿರಬಹುದು, ಬಿಟ್ಟರೆ ಪ್ರತ್ಯವಾಯವುಂಟು.